ಕೊಡೆ ಬಿಚ್ಚದ ಹುಡುಗಿಯನ್ನು ಬಿಡಿಸುವುದು ಹೇಗೆ? ಇಲಸ್ಟ್ರೇಟರ್ ಕೆಲಸ, ಮೊದಲಿನಿಂದ ಕೊನೆವರೆಗೆ

ಒಂದು ಮಕ್ಕಳ ಕಥೆಯಲ್ಲಿ ಈ ಸಾಲುಗಳಿವೆ ಎಂದುಕೊಳ್ಳಿ:

‘ಮಳೆ ಜೋರಾಯಿತು. ಬಸ್ ಸ್ಟಾಪಿನಲ್ಲಿ ಸುಮಾ ಒಬ್ಬಳೇ ನಿಂತಿದ್ದಳು. ಕೈಯಲ್ಲಿ ಅಪ್ಪನ ಕೊಡೆ ಇತ್ತು. ಅವಳು ಅದನ್ನು ಬಿಚ್ಚಲಿಲ್ಲ.’

ಇದಕ್ಕೆ ಒಂದು ಚಿತ್ರ ಬೇಕು. ಹೊಸದಾಗಿ ಕಲಿಯುವವರು ಸಾಮಾನ್ಯವಾಗಿ ತಕ್ಷಣ ಪೆನ್ಸಿಲ್ ಹಿಡಿಯುತ್ತಾರೆ. ಮಳೆ, ಬಸ್ ಸ್ಟಾಪು, ಹುಡುಗಿ, ಕೊಡೆ ಎಲ್ಲವೂ ಹಾಳೆಯ ಮೇಲೆ ಬರುತ್ತವೆ. ಚಿತ್ರ ಅಚ್ಚುಕಟ್ಟಾಗಿಯೂ ಇರಬಹುದು. ಆದರೆ ಓದುಗರಿಗೆ ಹೊಸದೇನೂ ಸಿಗುವುದಿಲ್ಲ. ಅಕ್ಷರದಲ್ಲಿ ಓದಿದ್ದನ್ನೇ ಮತ್ತೊಮ್ಮೆ ನೋಡಿದ ಹಾಗಾಗುತ್ತದೆ, ಅಷ್ಟೇ.

ಅನುಭವ ಇರುವ ಇಲಸ್ಟ್ರೇಟರ್, ಅಂದರೆ ಬರಹಕ್ಕೆ ಚಿತ್ರ ಬರೆಯುವವರು, ಪೆನ್ಸಿಲ್ ಹಿಡಿಯುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳುತ್ತಾರೆ. ಅಷ್ಟು ಮಳೆಯಲ್ಲಿ ಅವಳು ಕೊಡೆ ಯಾಕೆ ಬಿಚ್ಚಲಿಲ್ಲ?

ಕಥೆ ಬರೆದವರು ಅದನ್ನು ಹೇಳಿಲ್ಲ. ಅವರು ಹೇಳದೆ ಬಿಟ್ಟಿರುವ ಜಾಗವೇ ಚಿತ್ರ ಬರೆಯುವವರಿಗೆ ಸಿಗುವ ಜಾಗ. ಈ ಕೆಲಸದಲ್ಲಿ ಓದುವುದು ಮೊದಲು, ಬಿಡಿಸುವುದು ಆಮೇಲೆ. ಕೈ ಎಷ್ಟೇ ಪಳಗಿದ್ದರೂ ಓದು ಸರಿಯಿಲ್ಲದಿದ್ದರೆ ಚಿತ್ರ ನಿಲ್ಲುವುದಿಲ್ಲ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಈ ಲೇಖನದಲ್ಲಿ ಸುಮಾಳ ಚಿತ್ರವನ್ನೇ ಹಂತ ಹಂತವಾಗಿ ಮಾಡೋಣ. ಅದಕ್ಕೂ ಮುಂಚೆ ಇದು ಎಂಥ ಕೆಲಸ ಎಂದು ಸ್ವಲ್ಪ ತಿಳಿದುಕೊಳ್ಳೋಣ.

ಪುಟಕ್ಕಾಗಿ ಬರೆಯುವ ಚಿತ್ರ

ಗೋಡೆಗೆ ತೂಗುಹಾಕುವ ಚಿತ್ರವನ್ನು ಕಲಾವಿದರು ತಮಗೆ ಬೇಕಾದ ಅಳತೆಯಲ್ಲಿ, ಬೇಕಾದಷ್ಟು ದಿನ ತೆಗೆದುಕೊಂಡು ಮಾಡಬಹುದು. ಇಲಸ್ಟ್ರೇಟರ್‌ಗೆ ಹಾಗಿಲ್ಲ. ಅವರ ಮುಂದೆ ಒಂದು ಬರಹ ಇರುತ್ತದೆ. ಪುಟದ ಅಳತೆ ಮೊದಲೇ ಗೊತ್ತಾಗಿರುತ್ತದೆ. ಕೊಡಬೇಕಾದ ದಿನ ಇರುತ್ತದೆ. ಓದುಗರು ಆರು ವರ್ಷದ ಮಗುವೋ, ಅರವತ್ತರ ಅಜ್ಜಿಯೋ ಎನ್ನುವುದೂ ತೀರ್ಮಾನವಾಗಿರುತ್ತದೆ. ಈ ಕಟ್ಟುಪಾಡುಗಳ ಒಳಗೇ ಹೊಸದೊಂದನ್ನು ಹುಡುಕಬೇಕು.

ಹಾಗಂತ ಇದನ್ನು ಎರಡನೇ ದರ್ಜೆಯ ಕಲೆ ಎಂದುಕೊಳ್ಳಬೇಡಿ. ಕಸ್ತೂರಬಾ ರಸ್ತೆಯ ವೆಂಕಟಪ್ಪ ಆರ್ಟ್ ಗ್ಯಾಲರಿ ಬೆಂಗಳೂರಿನವರಿಗೆಲ್ಲ ಗೊತ್ತು. ಆ ಕೆ. ವೆಂಕಟಪ್ಪನವರು ಕಲ್ಕತ್ತೆಯಲ್ಲಿ ಅವನೀಂದ್ರನಾಥ ಟ್ಯಾಗೋರರ ಬಳಿ ಕಲಿತವರು. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿ ಬರೆದ ಹಿಂದೂ, ಬೌದ್ಧ ಪುರಾಣ ಕಥೆಗಳ ಪುಸ್ತಕ 1913ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಅದಕ್ಕೆ ಚಿತ್ರ ಬರೆದವರಲ್ಲಿ ನಂದಲಾಲ್ ಬೋಸ್ ಜೊತೆ ವೆಂಕಟಪ್ಪನವರೂ ಇದ್ದರು. ರಾಮಾಯಣದ ಪ್ರಸಂಗಗಳನ್ನು ಅವರು ಬಿಡಿಸಿದ್ದರು. ನಮ್ಮ ಊರು ಯಾರ ಹೆಸರಿನಲ್ಲಿ ಗ್ಯಾಲರಿ ಕಟ್ಟಿದೆಯೋ ಆ ಕಲಾವಿದರು ಪುಸ್ತಕಕ್ಕೂ ಚಿತ್ರ ಬರೆದವರು.

ಕನ್ನಡ ಓದುಗರಂತೂ ಕಥೆಯ ಜೊತೆ ಚಿತ್ರ ನೋಡಿಕೊಂಡೇ ಬೆಳೆದವರು. 1947ರಲ್ಲಿ ಮದ್ರಾಸಿನಲ್ಲಿ ತೆಲುಗು, ತಮಿಳಿನಲ್ಲಿ ಶುರುವಾಗಿ ಆಮೇಲೆ ಕನ್ನಡಕ್ಕೂ ಬಂದ ‘ಚಂದಮಾಮ’ವನ್ನು ನೆನೆಸಿಕೊಳ್ಳಿ. ಅದರ ಮುಖಪುಟಗಳಿಗೆ ಚಿತ್ರ ಬರೆದ ಎಂ.ಟಿ.ವಿ. ಆಚಾರ್ಯರು ಮುಂದೆ ಬೆಂಗಳೂರಿನಲ್ಲಿ ಅಂಚೆಯ ಮೂಲಕ ಚಿತ್ರಕಲೆ ಕಲಿಸಿದರು. ಅದೇ ಪತ್ರಿಕೆಯ ಇನ್ನೊಬ್ಬ ಕಲಾವಿದ ಶಂಕರ್. ಕೈಯಲ್ಲಿ ಕತ್ತಿ, ಹೆಗಲ ಮೇಲೆ ಶವ ಹೊತ್ತು ನಡೆಯುವ ವಿಕ್ರಮನನ್ನು ಅವರು ಬಿಡಿಸಿದರು. ಬೇತಾಳ ಹೇಳಿದ ಕಥೆಗಳಲ್ಲಿ ಎಷ್ಟು ನಿಮಗೆ ನೆನಪಿವೆ? ಕಥೆ ಮರೆತವರಿಗೂ ಆ ಚಿತ್ರ ಕಣ್ಣಿಗೆ ಕಟ್ಟಿದೆ, ಅಲ್ವಾ?

ಇಲ್ಲಿ ಒಂದು ತಾಂತ್ರಿಕ ಸಂಗತಿ ಹೇಳಬೇಕು. ಹಳೆಯ ಕನ್ನಡ ವಾರಪತ್ರಿಕೆ, ಮಾಸಪತ್ರಿಕೆಗಳ ಕಥೆಗಳಿಗೆ ಬರೀ ಕಪ್ಪು ಗೆರೆಯ ಚಿತ್ರಗಳು ಇರುತ್ತಿದ್ದುದನ್ನು ನೀವು ಗಮನಿಸಿರಬಹುದು. ಅದು ಬರೀ ಅಭಿರುಚಿಯ ವಿಷಯ ಆಗಿರಲಿಲ್ಲ. ಅಕ್ಷರದ ಮೊಳೆ ಜೋಡಿಸಿ ಅಚ್ಚು ಹಾಕುವ ಕಾಲದಲ್ಲಿ ಚಿತ್ರವನ್ನು ಲೋಹದ ಬ್ಲಾಕ್ ಮಾಡಿಸಬೇಕಿತ್ತು. ಗೆರೆಯ ಬ್ಲಾಕಿನಲ್ಲಿ ಉಬ್ಬಿದ ಜಾಗಕ್ಕೆ ಶಾಯಿ ಹತ್ತುತ್ತದೆ, ತಗ್ಗಿಗೆ ಹತ್ತುವುದಿಲ್ಲ. ಅಂದರೆ ಕಪ್ಪು ಇಲ್ಲವೇ ಬಿಳಿ. ನಡುವಿನ ಬೂದು ಬಣ್ಣ ಸಾಧ್ಯವೇ ಇಲ್ಲ. ಚುಕ್ಕಿಗಳಾಗಿ ಒಡೆದು ಬೂದು ತೋರಿಸುವ ಹಾಫ್‌ಟೋನ್ ಬ್ಲಾಕ್ ಇತ್ತು. ಆದರೆ ಅದಕ್ಕೆ ಖರ್ಚು ಜಾಸ್ತಿ, ಒರಟು ಕಾಗದದ ಮೇಲೆ ಅದು ಸರಿಯಾಗಿ ಕೂರುತ್ತಲೂ ಇರಲಿಲ್ಲ. ಹಾಗಾಗಿ ಕಲಾವಿದರು ಒತ್ತೊತ್ತಾಗಿ ಗೆರೆ ಎಳೆದು, ಅಡ್ಡ ಗೆರೆ ಹಾಯಿಸಿ, ಚುಕ್ಕಿ ಇಟ್ಟು ನೆರಳನ್ನು ತೋರಿಸಿದರು. ಮಂದ ಬೆಳಕಿನ ನಡುಮನೆ, ಚಿಂತೆಯ ಮುಖ, ಕತ್ತಲೆಯ ಓಣಿ ಎಲ್ಲವನ್ನೂ ಬರೀ ಗೆರೆಯಲ್ಲಿ ತಂದರು. ಆಫ್‌ಸೆಟ್ ಮುದ್ರಣ ಬಂದ ಮೇಲೆ ಜಲವರ್ಣ, ಬೂದು ಛಾಯೆ ಎಲ್ಲವೂ ಸುಲಭವಾದವು. ಆದರೂ ಆ ಗೆರೆಯ ಭಾಷೆ ಕನ್ನಡದ ಕಣ್ಣಿಗೆ ಎಷ್ಟು ಹತ್ತಿರ ಎಂದರೆ, ಇವತ್ತಿಗೂ ಕಥಾಸಂಕಲನಗಳ ಒಳಪುಟಕ್ಕೆ ಅದೇ ಚೆನ್ನಾಗಿ ಒಪ್ಪುತ್ತದೆ.

ಇವತ್ತು ಕೆಲಸದ ವಿಧಗಳು ಬಹಳ ಇವೆ. ಪುಸ್ತಕದ ಮುಖಪುಟ, ಮಕ್ಕಳ ಚಿತ್ರಪುಸ್ತಕ, ಪತ್ರಿಕೆಯ ಅಂಕಣ, ಪಠ್ಯಪುಸ್ತಕ, ಸಿನಿಮಾದ ಸ್ಟೋರಿಬೋರ್ಡ್, ವಿಡಿಯೊ ಗೇಮಿನ ಪಾತ್ರಗಳು, ಉಪ್ಪಿನಕಾಯಿ ಬಾಟಲಿಯ ಲೇಬಲ್. ಎಲ್ಲವೂ ಇದೇ ಕೈಗಳ ಕೆಲಸ.

ಇವುಗಳಲ್ಲಿ ವಿಜ್ಞಾನದ ಚಿತ್ರಗಳ ಬಗ್ಗೆ ನನಗೆ ವಿಶೇಷ ಪ್ರೀತಿ. ಜಾನ್ ಕ್ಯಾಮರಾನ್ ಲಾಲ್‌ಬಾಗನ್ನು ನೋಡಿಕೊಳ್ಳುತ್ತಿದ್ದ ಕಾಲದಲ್ಲಿ ಚೆಲುವಯ್ಯ ರಾಜು ಎಂಬ ಕಲಾವಿದರು ಅಲ್ಲಿ ಗಿಡಗಳ ಚಿತ್ರ ಬರೆದರು. ಕ್ಯಾಮೆರಾ ಇರುವಾಗ ಗಿಡದ ಚಿತ್ರ ಯಾಕೆ ಬೇಕು ಎಂದು ಕೇಳುವವರಿದ್ದಾರೆ. ಕಾರಣ ಇದೆ. ಒಂದು ಮರ ಹೂ ಬಿಡುವುದು ಒಂದು ಕಾಲದಲ್ಲಿ, ಕಾಯಿ ಬಿಡುವುದು ಇನ್ನೊಂದು ಕಾಲದಲ್ಲಿ. ಫೋಟೊ ಆ ದಿನ ಆ ಕೊಂಬೆಯಲ್ಲಿ ಇದ್ದದ್ದನ್ನು ಮಾತ್ರ ಹಿಡಿಯುತ್ತದೆ. ಚಿತ್ರಕಾರರು ಚಿಗುರು, ಹೂವು, ಕಾಯಿ, ಬೀಜ, ಸೀಳಿದ ಹೂವಿನ ಒಳಭಾಗ ಎಲ್ಲವನ್ನೂ ಒಂದೇ ಹಾಳೆಯಲ್ಲಿ ತರುತ್ತಾರೆ. ಹುಳ ತಿಂದ ಎಲೆಯನ್ನು ಬಿಟ್ಟು ಆ ಜಾತಿಗೆ ಸಹಜವಾದ ಎಲೆಯನ್ನು ಆರಿಸುತ್ತಾರೆ. ನೋಡುವವರಿಗೆ ಯಾವುದು ಮುಖ್ಯ ಎಂದು ತೀರ್ಮಾನಿಸುವ ಕೆಲಸ ಅದು. ಕಥೆಯ ಚಿತ್ರದಲ್ಲೂ ಇದೇ ಕೆಲಸ ನಡೆಯುತ್ತದೆ.

ಮೊದಲು ಓದಬೇಕು

ಈಗ ಸುಮಾಳ ಹತ್ತಿರ ಬರೋಣ. ನಾಲ್ಕು ಸಾಲನ್ನು ನಿಧಾನವಾಗಿ ಓದಿ. ಗೊತ್ತಿರುವುದು ಏನು, ಗೊತ್ತಿಲ್ಲದಿರುವುದು ಏನು ಎಂದು ಒಂದು ಕಾಗದದ ಮೇಲೆ ಬರೆದುಕೊಳ್ಳಿ.

ಮಳೆ ಜೋರಾಗಿದೆ, ಅವಳು ಒಬ್ಬಳೇ ಇದ್ದಾಳೆ, ಕೊಡೆ ಅಪ್ಪನದು, ಅದು ಮುಚ್ಚಿದೆ. ಇಷ್ಟು ಗೊತ್ತು. ವಯಸ್ಸು, ಹೊತ್ತು, ಬಟ್ಟೆ, ಯಾವ ಬಡಾವಣೆ, ಅಪ್ಪ ಎಲ್ಲಿ, ಮನಸ್ಸಿನಲ್ಲಿ ಏನಿದೆ, ಇದ್ಯಾವುದೂ ಗೊತ್ತಿಲ್ಲ.

ಇಡೀ ಕಥೆ ಕೈಯಲ್ಲಿದ್ದರೆ ಕೆಲವಕ್ಕೆ ಉತ್ತರ ಸಿಗುತ್ತದೆ. ಎಂಟನೇ ಪುಟದಲ್ಲಿ ಜಡೆ ಎಂದು ಬರೆದಿದ್ದರೆ ಮೂರನೇ ಪುಟದಲ್ಲಿ ಬಾಬ್ ಕಟ್ ಬಿಡಿಸುವಂತಿಲ್ಲ. ಅದಕ್ಕೇ ಇಡೀ ಬರಹ ಓದದೆ ಯಾವ ಪುಟವನ್ನೂ ಶುರು ಮಾಡಬಾರದು. ಉಳಿದ ಪ್ರಶ್ನೆಗಳಿಗೆ ಉತ್ತರ ನೀವೇ ಕೊಡಬೇಕು.

ಕೊಡೆ ಯಾಕೆ ಬಿಚ್ಚಲಿಲ್ಲ? ಅದು ಮುರಿದಿರಬಹುದು. ಅವಳಿಗೆ ಮಳೆಯಲ್ಲಿ ನೆನೆಯುವುದು ಇಷ್ಟ ಇರಬಹುದು. ಅಪ್ಪ ಬಂದ ಮೇಲೆ ಅವರ ಕೈಯಲ್ಲೇ ಬಿಚ್ಚಿಸಬೇಕು ಎಂದಿರಬಹುದು. ಅಪ್ಪ ಇನ್ನು ಬರುವುದೇ ಇಲ್ಲ ಎಂದೂ ಇರಬಹುದು. ಒಂದೊಂದು ಉತ್ತರಕ್ಕೂ ಅವಳು ನಿಲ್ಲುವ ರೀತಿ ಬೇರೆ, ಮುಖ ಬೇರೆ.

ಈ ಉತ್ತರಗಳಲ್ಲಿ ಯಾವುದನ್ನೂ ಬಾಯಿಬಿಟ್ಟು ಹೇಳದೆ, ಎಲ್ಲದಕ್ಕೂ ಜಾಗ ಕೊಡುವ ಚಿತ್ರ ಇದೆಯೇ? ಇದೆ. ಮಳೆ ಬಂದಾಗ ಕೊಡೆ ಮಗುವನ್ನು ಕಾಯಬೇಕು. ಇಲ್ಲಿ ಮಗು ಕೊಡೆಯನ್ನು ಕಾಯುತ್ತಿದೆ. ಸ್ವೆಟರಿನ ಒಳಗೆ ಕೊಡೆಯನ್ನು ತೂರಿಸಿ, ಎರಡೂ ಕೈಯಿಂದ ಎದೆಗೆ ಅವುಚಿಕೊಂಡಿದ್ದಾಳೆ. ಬಾಗಿದ ಹಿಡಿ ಗಲ್ಲದ ಹತ್ತಿರ ಕಾಣುತ್ತದೆ. ಸ್ಕೂಲ್ ಬ್ಯಾಗು ಕೆಳಗೆ ನೆನೆಯುತ್ತಿದೆ, ಅದರ ಕಡೆ ಅವಳ ಗಮನ ಇಲ್ಲ.

ಈ ವಿವರ ಬರಹದಲ್ಲಿ ಎಲ್ಲೂ ಇಲ್ಲ. ಬರಹಕ್ಕೆ ವಿರುದ್ಧವೂ ಅಲ್ಲ. ಚಿತ್ರ ನೋಡಿದ ಮಗು ‘ಅಪ್ಪ ಎಲ್ಲಿ?’ ಎಂದು ಕೇಳುತ್ತದೆ. ಆ ಪ್ರಶ್ನೆ ಹುಟ್ಟಿದರೆ ಪುಟ ತಿರುಗುತ್ತದೆ. ನಿಮ್ಮ ಚಿತ್ರದ ಸ್ವಂತಿಕೆ ಇರುವುದು ಇಂಥ ನಿರ್ಧಾರದಲ್ಲಿ. ಕಾನೂನು ಕೂಡ ಇದನ್ನು ಹೆಚ್ಚು ಕಡಿಮೆ ಹೀಗೇ ನೋಡುತ್ತದೆ. ಮಳೆಯಲ್ಲಿ ನಿಂತ ಹುಡುಗಿ ಎನ್ನುವ ಕಲ್ಪನೆ ಯಾರ ಸೊತ್ತೂ ಅಲ್ಲ. ಅದನ್ನು ನೀವು ಹಾಳೆಯ ಮೇಲೆ ತಂದ ರೂಪ ನಿಮ್ಮದು.

ಬೆಂಕಿಪೊಟ್ಟಣದ ಗಾತ್ರದಲ್ಲಿ

ಇನ್ನೂ ದೊಡ್ಡ ಹಾಳೆ ಬೇಡ. ಬೆಂಕಿಪೊಟ್ಟಣದಷ್ಟು ಚಿಕ್ಕ ಚೌಕಗಳನ್ನು ಹಾಕಿಕೊಳ್ಳಿ. ಇವಕ್ಕೆ ಥಂಬ್‌ನೇಲ್ ಎನ್ನುತ್ತಾರೆ. ಒಂದೊಂದರಲ್ಲೂ ಸುಮಾಳನ್ನು ಬೇರೆ ಬೇರೆ ಜಾಗದಲ್ಲಿ ಇಟ್ಟು ನೋಡಿ. ಮುಖ, ಕಣ್ಣು ಏನೂ ಬೇಡ. ಅವಳು ಒಂದು ಕಪ್ಪು ಆಕಾರ, ಬಸ್ ಸ್ಟಾಪು ಒಂದು ಪೆಟ್ಟಿಗೆ, ಅಷ್ಟು ಸಾಕು. ಚಿಕ್ಕದಾಗಿ ಮಾಡುವುದಕ್ಕೆ ಕಾರಣ ಇದೆ. ಅಷ್ಟು ಸಣ್ಣ ಜಾಗದಲ್ಲಿ ಕಣ್ಣಿನ ರೆಪ್ಪೆ ತಿದ್ದುತ್ತಾ ಕೂರಲು ಆಗುವುದಿಲ್ಲ. ಚಿತ್ರದ ಜೋಡಣೆ ಒಂದನ್ನೇ ನೋಡಬೇಕಾಗುತ್ತದೆ.

ಎಲ್ಲಿಂದ ನೋಡುತ್ತಿದ್ದೇವೆ ಎನ್ನುವುದನ್ನು ಇಲ್ಲೇ ತೀರ್ಮಾನಿಸಬೇಕು. ಮೇಲಿನಿಂದ, ಮಹಡಿಯ ಕಿಟಕಿಯಿಂದ ನೋಡಿದರೆ ಅವಳು ಪುಟ್ಟದಾಗಿ, ಒಂಟಿಯಾಗಿ ಕಾಣುತ್ತಾಳೆ. ಅವಳ ಕಣ್ಣಿನ ಮಟ್ಟದಲ್ಲಿ ನೋಡಿದರೆ ನಾವು ಅವಳ ಪಕ್ಕ ನಿಂತ ಹಾಗೆ. ಕೆಳಗಿನಿಂದ ನೋಡಿದರೆ ಅವಳು ಗಟ್ಟಿಗಿತ್ತಿಯಾಗಿ ಕಾಣುತ್ತಾಳೆ. ನಾನಾದರೆ ರಸ್ತೆಯ ಆಚೆ ಬದಿಯಿಂದ, ಮಗುವಿನ ಕಣ್ಣಿನ ಎತ್ತರದಿಂದ ನೋಡುತ್ತೇನೆ. ನಡುವೆ ಇಡೀ ರಸ್ತೆ ಖಾಲಿ ಇರುತ್ತದೆ. ಆ ಖಾಲಿತನವೇ ‘ಒಬ್ಬಳೇ’ ಎನ್ನುವ ಪದದ ಕೆಲಸವನ್ನು ಮಾಡಿಬಿಡುತ್ತದೆ.

ಅವಳು ಯಾವ ಕಡೆ ನೋಡಬೇಕು? ಸುಮ್ನೆ ಯಾವುದೋ ಕಡೆ ತಿರುಗಿಸಿದರೆ ಆಗುವುದಿಲ್ಲ. ಕನ್ನಡವನ್ನು ನಾವು ಎಡದಿಂದ ಬಲಕ್ಕೆ ಓದುತ್ತೇವೆ, ಪುಟ ಬಲಗಡೆಯಿಂದ ತಿರುಗುತ್ತದೆ. ಹಾಗಾಗಿ ಬಲಕ್ಕೆ ಮುಖ ಮಾಡಿದ ಪಾತ್ರ ಕಥೆಯ ಜೊತೆ ಮುಂದೆ ಹೋಗುತ್ತಿರುವಂತೆ ಕಾಣುತ್ತದೆ. ಈಗ ನಮ್ಮ ರಸ್ತೆಯನ್ನು ನೆನೆಸಿಕೊಳ್ಳಿ. ನಮ್ಮಲ್ಲಿ ವಾಹನಗಳು ಎಡಬದಿಯಲ್ಲಿ ಓಡುತ್ತವೆ. ರಸ್ತೆಯ ಆಚೆ ನಿಂತು ಬಸ್ ಸ್ಟಾಪನ್ನು ನೋಡುವವರಿಗೆ ಆ ಸ್ಟಾಪಿನ ಬಸ್ಸು ಎಡಗಡೆಯಿಂದ ಬರುತ್ತದೆ. ಬಸ್ಸಿಗೆ ಕಾಯುವವಳು ಚಿತ್ರದ ಎಡಕ್ಕೆ, ಅಂದರೆ ಓದು ಸಾಗುವ ದಿಕ್ಕಿಗೆ ಎದುರಾಗಿ ನೋಡಬೇಕು. ಅದರಿಂದ ಚಿತ್ರಕ್ಕೆ ಒಂದು ತಡೆ, ಒಂದು ಕಾಯುವಿಕೆ ಬರುತ್ತದೆ. ನಮಗೆ ಬೇಕಾದದ್ದು ಅದೇ. ಮುಂದಿನ ಪುಟದಲ್ಲಿ ಅವಳು ಬಲಕ್ಕೆ ತಿರುಗಿದರೆ ಏನೋ ನಡೆಯಿತು ಎಂದು ಮಗುವಿಗೆ ಒಂದು ಮಾತೂ ಇಲ್ಲದೆ ತಿಳಿಯುತ್ತದೆ.

ಅಕ್ಷರಗಳ ಜಾಗವನ್ನೂ ಈ ಹಂತದಲ್ಲೇ ಬಿಡಬೇಕು. ಇದನ್ನು ಮರೆಯುವವರು ಬಹಳ. ಕನ್ನಡದ ಸಾಲಿಗೆ ಮೇಲೆ ಗುಡಿಸು, ಕೆಳಗೆ ಒತ್ತಕ್ಷರ ಇರುತ್ತವೆ. ಎರಡು ಸಾಲಿನ ನಡುವೆ ಇಂಗ್ಲಿಷಿಗಿಂತ ಜಾಸ್ತಿ ಜಾಗ ಬೇಕು. ನಾಲ್ಕು ಸಾಲು ಕೂರಲು ಆಕಾಶದ ಒಂದು ಭಾಗವನ್ನು ಸಪಾಟಾಗಿ, ಗೆರೆ ಗಲಾಟೆ ಇಲ್ಲದೆ ಬಿಡಿ. ಹಾಗೆಯೇ ಅಕ್ಷರಗಳನ್ನು ಚಿತ್ರದೊಳಗೆ ಬರೆದು ಸೇರಿಸಬೇಡಿ. ಪುಸ್ತಕ ನಾಳೆ ತಮಿಳಿಗೋ ತುಳುವಿಗೋ ಹೋಗಬಹುದು. ಮಕ್ಕಳ ಪುಸ್ತಕ ಪ್ರಕಟಿಸುವ ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ತಾಣದಲ್ಲಿ ಒಂದೇ ಚಿತ್ರಪುಸ್ತಕ ಹಲವು ಭಾಷೆಗಳಲ್ಲಿ ಸಿಗುತ್ತದೆ. ಅಲ್ಲಿನ ಚಿತ್ರಗಳನ್ನು ಬರೆದವರ ಹೆಸರು ಹೇಳಿ ಬೇರೆ ಕಥೆಗೂ ಬಳಸಬಹುದು. ಕಲಿಯುವವರಿಗೆ ಅದು ಒಳ್ಳೆಯ ಪಾಠಶಾಲೆ. ಅಕ್ಷರವನ್ನು ಕೈಯಿಂದ ಮುಚ್ಚಿ, ಬರೀ ಚಿತ್ರಗಳಿಂದ ಕಥೆ ಎಷ್ಟು ತಿಳಿಯುತ್ತದೆ ಎಂದು ನೋಡಿ.

ಬಸ್ ಸ್ಟಾಪಿಗೆ ಹೋಗಿ ನಿಲ್ಲಿ

ಥಂಬ್‌ನೇಲ್‌ಗಳಲ್ಲಿ ಒಂದನ್ನು ಆರಿಸಿದ ಮೇಲೆ ಹೊರಗೆ ಹೋಗಬೇಕು. ಮೊಬೈಲಿನಲ್ಲಿ ‘ಮಳೆಯಲ್ಲಿ ಹುಡುಗಿ’ ಎಂದು ಹುಡುಕಿದರೆ ಸಾವಿರ ಚಿತ್ರ ಬರುತ್ತವೆ. ಅವುಗಳಲ್ಲಿ ಹೆಚ್ಚಿನವು ಬೇರೆ ಯಾವುದೋ ಊರಿನ ಮಳೆ. ಇನ್ನೊಬ್ಬರ ಚಿತ್ರ ನೋಡಿ ಬರೆದರೆ ಅವರು ಮಾಡಿದ ಆಯ್ಕೆಗಳೂ ನಿಮ್ಮ ಕೈಗೆ ಬಂದುಬಿಡುತ್ತವೆ, ನಿಮಗೆ ಗೊತ್ತೇ ಆಗುವುದಿಲ್ಲ. ನೋಡಬೇಡಿ ಎನ್ನುತ್ತಿಲ್ಲ. ಬಸ್ಸಿನ ಕನ್ನಡಿ ಎಲ್ಲಿರುತ್ತದೆ, ಕೊಡೆಯ ಕಡ್ಡಿ ಹೇಗೆ ಮಡಚುತ್ತದೆ ಎಂಬಂಥ ವಿಷಯಕ್ಕೆ ಫೋಟೊ ನೋಡಿ. ಜೋಡಣೆಯನ್ನು, ಬೆಳಕನ್ನು, ಬಣ್ಣವನ್ನು ಎತ್ತಿಕೊಳ್ಳಬೇಡಿ.

ಸಂಜೆ ಮಳೆ ಬರುವಾಗ ಗಾಂಧಿ ಬಜಾರಿನ ಆಸುಪಾಸಿನಲ್ಲೋ, ಮಲ್ಲೇಶ್ವರದಲ್ಲೋ ಒಂದು ಸ್ಟಾಪಿನಲ್ಲಿ ನಿಂತು ನೋಡಿ. ಹೂ ಮಾರುವವರು ಬುಟ್ಟಿಯ ಮೇಲೆ ಪ್ಲಾಸ್ಟಿಕ್ ಹಾಳೆ ಎಳೆಯುತ್ತಾರೆ. ಸ್ಕೂಟರಿನವರು ಮರದ ಕೆಳಗೆ ಗಾಡಿ ನಿಲ್ಲಿಸಿ ರೇನ್‌ಕೋಟು ಹುಡುಕುತ್ತಾರೆ. ಜನ ಸ್ಟಾಪಿನ ಹಿಂದಿನ ಗೋಡೆಗೆ ಒತ್ತಿಕೊಳ್ಳುತ್ತಾರೆ. ಒದ್ದೆಯಾದ ಮಕ್ಕಳು ಹೆಗಲನ್ನು ಕಿವಿಯ ತನಕ ಎತ್ತಿ, ಮಂಡಿಗಳನ್ನು ಒಳಕ್ಕೆ ಜೋಡಿಸಿ ನಿಲ್ಲುತ್ತಾರೆ. ಆ ಭಂಗಿ ಯಾವ ಕಲಾಶಾಲೆಯ ಪುಸ್ತಕದಲ್ಲೂ ನಿಮಗೆ ಇಷ್ಟು ಸ್ಪಷ್ಟವಾಗಿ ಸಿಗುವುದಿಲ್ಲ. ಬೇಗ ಬೇಗ ನಾಲ್ಕು ಗೆರೆಯಲ್ಲಿ ಹಿಡಿದುಕೊಳ್ಳಿ.

ಮಳೆಯನ್ನೇ ಗಮನಿಸಿ. ಮಕ್ಕಳ ಚಿತ್ರದಲ್ಲಿ ಪುಟದ ತುಂಬ ಓರೆ ಗೆರೆ ಎಳೆದಿರುತ್ತದೆ. ನಿಜಕ್ಕೂ ಮಳೆಯ ಎಳೆಗಳು ಎಲ್ಲ ಕಡೆ ಕಾಣುವುದಿಲ್ಲ. ಹಿಂದೆ ಕಪ್ಪಾದ ಮರ ಇರುವಲ್ಲಿ, ಬೀದಿ ದೀಪದ ಕೆಳಗೆ ಕಾಣುತ್ತವೆ. ಬಿಳಿ ಆಕಾಶದ ಎದುರು ಮಾಯವಾಗುತ್ತವೆ. ಮಳೆ ಜೋರು ಎಂದು ಹೇಳುವುದು ಹೆಚ್ಚಾಗಿ ನೆಲ. ಹನಿ ಬಿದ್ದು ಚಿಮ್ಮುವುದು, ಮೋರಿ ತುಂಬಿ ಹರಿಯುವುದು, ಒದ್ದೆ ಡಾಂಬರಿನಲ್ಲಿ ದೀಪದ ಬೆಳಕು ಉದ್ದಕ್ಕೆ ಇಳಿಯುವುದು. ಗಾಳಿಯಿಂದ ನೀರು ಅಲುಗಿದಾಗ ಆ ಪ್ರತಿಬಿಂಬ ಅಲ್ಲಲ್ಲಿ ತುಂಡಾಗುತ್ತದೆ. ಇಷ್ಟು ಬಂದರೆ ಗೆರೆ ಎಳೆಯದೆಯೂ ಮಳೆ ಬರುತ್ತದೆ.

ಕಾಲವೂ ಹೊಂದಬೇಕು. ಬೆಂಗಳೂರು ಎಂದ ಕೂಡಲೇ ಗುಲಾಬಿ ಟಬೆಬುಯಾ ಮರ ಬಿಡಿಸುವ ಆಸೆ ಎಲ್ಲರಿಗೂ. ಅದು ಹೂವಿನಿಂದ ತುಂಬುವುದು ಹೆಚ್ಚಾಗಿ ಒಣ ತಿಂಗಳುಗಳಲ್ಲಿ. ನಮ್ಮೂರಿನಲ್ಲಿ ಸಾಮಾನ್ಯವಾಗಿ ಮಳೆ ಹೆಚ್ಚು ಬರುವುದು ಸೆಪ್ಟೆಂಬರ್ ಸುಮಾರಿಗೆ. ಗುಲ್‌ಮೊಹರಿನ ಕೆಂಪು ಎಸಳು ಒದ್ದೆ ರಸ್ತೆಯ ಮೇಲೆ ಚೆಲ್ಲಿದ ಚಿತ್ರ ಚಂದ. ಆದರೆ ಅದು ಮೇ ತಿಂಗಳ ಮಳೆ, ಆಗ ಶಾಲೆಗೆ ರಜೆ. ಸುಮಾ ಯೂನಿಫಾರ್ಮಿನಲ್ಲಿ ಇರಬೇಕಾದರೆ ಹಿಂದೆ ಹಸಿರು ತುಂಬಿದ ಮಳೆಮರ ಇಡುವುದು ಸರಿ. ಇಷ್ಟೆಲ್ಲ ಯಾರು ನೋಡುತ್ತಾರೆ ಎನ್ನಬೇಡಿ. ಮಕ್ಕಳು ನೋಡುತ್ತಾರೆ. ಒಂದೇ ಪುಸ್ತಕವನ್ನು ಮತ್ತೆ ಮತ್ತೆ ತೆರೆಯುವವರು ಅವರು.

ರಫ್, ನೆರಳು, ಬಣ್ಣ

ಇನ್ನು ರಫ್. ಪುಟದ ನಿಜವಾದ ಅಳತೆಯಲ್ಲಿ ಪೆನ್ಸಿಲ್ಲಿನಿಂದ ಇಡೀ ಚಿತ್ರವನ್ನು ಬಿಡಿಸಿ. ಪುಸ್ತಕದ ಕೆಲಸವಾದರೆ ಇದನ್ನೇ ಸಂಪಾದಕರಿಗೆ ತೋರಿಸುವುದು. ಬದಲಾವಣೆ ಏನಿದ್ದರೂ ಈಗಲೇ ಆಗಬೇಕು. ಬಣ್ಣ ಮುಗಿದ ಮೇಲೆ ಹುಡುಗಿಯನ್ನು ಆ ಕಡೆ ಸರಿಸಿ ಎಂದರೆ ಕೆಲಸ ಮೊದಲಿನಿಂದ ಶುರು.

ಬಣ್ಣಕ್ಕೆ ಮುಂಚೆ ನೆರಳು-ಬೆಳಕನ್ನು ಮೂರೇ ಮೂರು ಛಾಯೆಯಲ್ಲಿ ಹಂಚಿ ನೋಡಿ. ಕಪ್ಪು, ನಡುವಿನದು, ಬಿಳಿ. ನಮ್ಮ ಚಿತ್ರದಲ್ಲಿ ಒಂದು ತೊಡಕಿದೆ. ಕೊಡೆ ಕಪ್ಪು, ಸಂಜೆಯೂ ಕಪ್ಪು. ಕಥೆಯ ಮುಖ್ಯ ವಸ್ತುವೇ ಕತ್ತಲಲ್ಲಿ ಕರಗಿಹೋಗುತ್ತದೆ. ಪರಿಹಾರ ಹೀಗೆ: ಸ್ಟಾಪಿನ ಹಿಂದಿನ ಗೋಡೆಯ ಮೇಲೆ ದೀಪದ ಬೆಳಕು ಬೀಳಲಿ, ಸ್ವೆಟರು ತಿಳಿ ಬಣ್ಣದ್ದಾಗಲಿ. ತಿಳಿ ಸ್ವೆಟರಿನ ಎದುರು ಕೊಡೆಯ ಬಾಗಿದ ಹಿಡಿ ಎದ್ದು ಕಾಣುತ್ತದೆ. ಕಣ್ಣನ್ನು ಅರ್ಧ ಮುಚ್ಚಿ ನೋಡಿ. ಮೊದಲು ಕಾಣುವುದು ಆ ಹಿಡಿ ಮತ್ತು ಅವಳ ಮುಖ ಆಗಿರಬೇಕು. ಬೇರೆ ಏನಾದರೂ ಕಂಡರೆ ಅದನ್ನು ಮಂದ ಮಾಡಿ.

ಬಣ್ಣದ ವಿಷಯದಲ್ಲೂ ಹೀಗೇ. ಆಟೊದ ಹಳದಿ-ಹಸಿರು ಬೆಂಗಳೂರಿನ ಗುರುತು ನಿಜ. ಆದರೆ ಆ ಹಳದಿ ಚಿತ್ರದ ಮೂಲೆಯಲ್ಲಿ ಹೊಳೆದರೆ ಕಣ್ಣು ಅಲ್ಲಿಗೇ ಓಡುತ್ತದೆ. ಆಟೊ ಬೇಕೆಂದರೆ ಮಳೆಯ ಪರದೆಯ ಹಿಂದೆ ಬೂದು ಬೆರೆಸಿ ಇಡಿ. ಬೆಚ್ಚನೆಯ ಬಣ್ಣ ಸುಮಾಳ ಸುತ್ತ ಮಾತ್ರ ಇರಲಿ. ನನ್ನ ಅಭಿಪ್ರಾಯದಲ್ಲಿ ಕಡಿಮೆ ಬಣ್ಣ ಬಳಸಲು ಕಲಿಯುವುದೇ ಈ ಕೆಲಸದ ಅತ್ಯಂತ ಕಷ್ಟದ ಭಾಗ.

ಸಾಮಗ್ರಿಯ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಪೆನ್ಸಿಲ್, ಕಪ್ಪು ಪೆನ್ನು, ಸ್ವಲ್ಪ ದಪ್ಪ ಕಾಗದ, ಜಲವರ್ಣದ ಒಂದು ಡಬ್ಬಿ ಸಾಕು. ಕಂಪ್ಯೂಟರಿನಲ್ಲಿ ಮಾಡುವುದಾದರೆ ಚಿತ್ರ ಬರೆಯುವ ಸಾಫ್ಟ್‌ವೇರ್ ಕ್ರಿಟಾ ಉಚಿತವಾಗಿ ಸಿಗುತ್ತದೆ. ಐಪ್ಯಾಡ್ ಇದ್ದವರು ಪ್ರೊಕ್ರಿಯೇಟ್ ಎಂಬ ಆ್ಯಪ್ ಬಳಸುತ್ತಾರೆ. ಡಿಜಿಟಲ್ಲಿನಲ್ಲಿ ಹುಡುಗಿ, ಹಿನ್ನೆಲೆ, ಮಳೆ ಇವುಗಳನ್ನು ಬೇರೆ ಬೇರೆ ಲೇಯರಿನಲ್ಲಿ, ಅಂದರೆ ಒಂದರ ಮೇಲೊಂದು ಕೂರುವ ಪದರಗಳಲ್ಲಿ ಇಡಿ. ಮಳೆ ಜಾಸ್ತಿಯಾಯಿತು ಅನಿಸಿದರೆ ಅದೊಂದನ್ನೇ ತಿಳಿಗೊಳಿಸಬಹುದು.

ಮುಗಿದ ಮೇಲೆ ಕಥೆ ಓದದ ಒಬ್ಬರಿಗೆ ಚಿತ್ರ ತೋರಿಸಿ, ಇಲ್ಲಿ ಏನಾಗುತ್ತಿದೆ ಎಂದು ಕೇಳಿ. ನೀವು ಬಾಯಿ ಬಿಡಬೇಡಿ. ‘ಅವಳಿಗೆ ಚಳಿ ಆಗ್ತಿದೆ’ ಎಂದಷ್ಟೇ ಹೇಳಿದರೆ ಕೊಡೆ ಸರಿಯಾಗಿ ಕಾಣುತ್ತಿಲ್ಲ ಎಂದರ್ಥ. ‘ಯಾಕೆ ಕೊಡೆನ ಒಳಗೆ ಇಟ್ಕೊಂಡಿದಾಳೆ?’ ಎಂದು ಕೇಳಿದರೆ ಚಿತ್ರ ಕೆಲಸ ಮಾಡಿದೆ.

ಪ್ರೆಸ್ಸಿಗೆ ಹೋಗುವ ಮುನ್ನ

ಅಚ್ಚಿಗೆ ಹೋಗುವ ಚಿತ್ರಕ್ಕೆ ಕೆಲವು ಲೆಕ್ಕಗಳಿವೆ. ರೆಸಲ್ಯೂಷನ್ ಸಾಮಾನ್ಯವಾಗಿ ಇಂಚಿಗೆ 300 ಚುಕ್ಕಿ ಇರಬೇಕು. ಪುಟ 8 ಇಂಚು ಚೌಕವಾಗಿದ್ದು ಚಿತ್ರ ಎರಡು ಪುಟಕ್ಕೂ ಹರಡಿದ್ದರೆ 4800 ಪಿಕ್ಸೆಲ್ ಅಗಲ, 2400 ಪಿಕ್ಸೆಲ್ ಎತ್ತರ ಬೇಕು. ಸುತ್ತಲೂ 3 ಮಿಲಿಮೀಟರ್ ಹೆಚ್ಚುವರಿ ಚಿತ್ರ ಬಿಡುವುದು ರೂಢಿ. ಇದೇ ಬ್ಲೀಡ್. ಕಾಗದ ಕತ್ತರಿಸುವಾಗ ಕೂದಲೆಳೆಯಷ್ಟು ಆಚೀಚೆ ಆದರೂ ಅಂಚಿನಲ್ಲಿ ಬಿಳಿ ಗೆರೆ ಕಾಣಬಾರದು ಎನ್ನುವುದಕ್ಕೆ. ಎರಡು ಪುಟ ಸೇರುವ ನಡು ಮಡಿಕೆಯಲ್ಲಿ ಸುಮಾಳ ಮುಖ ಬಂದರೆ ಅದು ಹೊಲಿಗೆಯೊಳಗೆ ಹೋಗಿಬಿಡುತ್ತದೆ. ಅವಳನ್ನು ಬಲಪುಟದ ಒಳಗೆ ಇಡಿ. ಪರದೆಯ ಬಣ್ಣಕ್ಕೂ ನಾಲ್ಕು ಶಾಯಿಯ ಮುದ್ರಣದ ಬಣ್ಣಕ್ಕೂ ವ್ಯತ್ಯಾಸ ಇದೆ. ಹೊಳೆಯುವ ಹಸಿರು, ನೀಲಿ ಅಚ್ಚಿನಲ್ಲಿ ಮಂಕಾಗುತ್ತವೆ. ಒಂದು ಪುಟವನ್ನಾದರೂ ಮೊದಲು ಪ್ರಿಂಟ್ ತೆಗೆದು ನೋಡಿ.

ಮಕ್ಕಳ ಚಿತ್ರಪುಸ್ತಕಗಳು ಹೆಚ್ಚಾಗಿ 16, 24, 32 ಪುಟ ಇರುವುದಕ್ಕೂ ಕಾರಣ ಪ್ರೆಸ್ಸೇ. ದೊಡ್ಡ ಹಾಳೆಯನ್ನು ಮಡಚಿ ಪುಟ ಮಾಡುವುದರಿಂದ ಎಣಿಕೆ ನಾಲ್ಕರ ಮಡಿಯಲ್ಲೇ ಬರಬೇಕು. ಸುಮಾಳ ಕಥೆಯನ್ನು ಎಷ್ಟು ಚಿತ್ರಗಳಾಗಿ ಒಡೆಯಬಹುದು ಎನ್ನುವುದನ್ನು ಈ ಲೆಕ್ಕವೂ ತೀರ್ಮಾನಿಸುತ್ತದೆ.

ಕಲಿಯಲು, ನೋಡಲು ಊರಿನಲ್ಲಿ ಜಾಗಗಳಿವೆ. ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತು, ಆರ್.ಎಂ. ಹಡಪದರು ಕಟ್ಟಿದ ಕೆನ್ ಕಲಾಶಾಲೆ, ಯಲಹಂಕದ ಸೃಷ್ಟಿ ಕಲೆ-ವಿನ್ಯಾಸ ಶಾಲೆ. ಎಂ.ಜಿ. ರಸ್ತೆ ಹತ್ತಿರದ ಮಿಡ್‌ಫೋರ್ಡ್ ಗಾರ್ಡನ್ನಿನಲ್ಲಿ ವ್ಯಂಗ್ಯಚಿತ್ರಗಳಿಗೇ ಮೀಸಲಾದ ಗ್ಯಾಲರಿ ಇದೆ. ಪರಿಷತ್ತು 2003ರಿಂದ ನಡೆಸುತ್ತಿರುವ ಚಿತ್ರಸಂತೆಯ ದಿನ ರಸ್ತೆಯ ಉದ್ದಕ್ಕೂ ಕಲಾವಿದರು ಕೂತಿರುತ್ತಾರೆ. ಅವತ್ತು ಬೆಳಿಗ್ಗೆ ಬೇಗ ಹೋಗಿ. ಜನ ತುಂಬುವ ಮುಂಚೆ ಅವರನ್ನು ಮಾತಾಡಿಸಬಹುದು.

ಕಾಗದದ ಮೇಲೆ ಬರೆಸಿಕೊಳ್ಳಿ

ಚಿತ್ರದಷ್ಟೇ ಗಮನ ಕೊಡಬೇಕಾದದ್ದು ಒಪ್ಪಂದ. ಭಾರತದ ಕೃತಿಸ್ವಾಮ್ಯ ಕಾಯ್ದೆ 1957ರ ಪ್ರಕಾರ ಸಾಮಾನ್ಯವಾಗಿ ಕೃತಿಯ ಮೊದಲ ಒಡೆಯರು ಅದನ್ನು ಮಾಡಿದವರೇ. ಕಲಾಕೃತಿಯ ಹಕ್ಕು ಅವರ ಜೀವನಪೂರ್ತಿ ಮತ್ತು ಆಮೇಲೆ 60 ವರ್ಷ ಇರುತ್ತದೆ. ಆದರೆ ಎರಡು ಕಡೆ ಎಚ್ಚರ ಬೇಕು. ಸಂಬಳದ ಕೆಲಸದಲ್ಲಿದ್ದು, ಆ ಕೆಲಸದ ಭಾಗವಾಗಿ ಬರೆದ ಚಿತ್ರ ಸಾಮಾನ್ಯವಾಗಿ ಮಾಲೀಕರದಾಗುತ್ತದೆ. ಇನ್ನೊಂದು ಹೆಚ್ಚಿನವರಿಗೆ ಗೊತ್ತಿಲ್ಲ. 17ನೇ ಸೆಕ್ಷನ್ನಿನಲ್ಲಿ, ಹಣ ಕೊಟ್ಟು ಬರೆಸಿದ ಪೇಂಟಿಂಗ್ ಅಥವಾ ಭಾವಚಿತ್ರಕ್ಕೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಬರೆಸಿದವರೇ ಮೊದಲ ಒಡೆಯರು ಎಂದಿದೆ. ಹಾಗಾಗಿ ಬಾಯಿಮಾತಿನ ಮೇಲೆ ಕೆಲಸ ಹಿಡಿಯಬೇಡಿ. ಹಕ್ಕು ನಿಮ್ಮಲ್ಲೇ ಉಳಿಯುತ್ತದೆ, ಈ ಪುಸ್ತಕದಲ್ಲಿ ಬಳಸಲು ಅನುಮತಿ ಕೊಡುತ್ತಿದ್ದೀರಿ ಎಂದು ಬರೆಸಿಕೊಳ್ಳಿ. ಹಕ್ಕನ್ನೇ ಬಿಟ್ಟುಕೊಡುವುದಾದರೆ ಅದು ಲಿಖಿತವಾಗಿರಬೇಕು, ಸಹಿ ಇರಬೇಕು. ಎಷ್ಟು ಕಾಲಕ್ಕೆ ಎಂದು ಬರೆಯದಿದ್ದರೆ ಕಾನೂನು ಅದನ್ನು 5 ವರ್ಷ ಎಂದು ಎಣಿಸುತ್ತದೆ. ಎಲ್ಲಿಗೆ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ. ಎಷ್ಟು ಸಲ ತಿದ್ದಿಕೊಡಬೇಕು, ಅರ್ಧದಲ್ಲಿ ಕೆಲಸ ನಿಂತರೆ ಹಣ ಎಷ್ಟು ಎನ್ನುವುದೂ ಅದೇ ಕಾಗದದಲ್ಲಿ ಇರಲಿ.

ಹೆಸರಿನ ವಿಷಯವೂ ಅದರಲ್ಲೇ ಬರಲಿ. ಮುಖಪುಟ ನೋಡಿಯೇ ಪುಸ್ತಕ ಎತ್ತಿಕೊಳ್ಳುವ ನಾವು ಅದನ್ನು ಬರೆದವರ ಹೆಸರು ಹುಡುಕಿದರೆ ಎಷ್ಟೋ ಸಲ ಎಲ್ಲೂ ಸಿಗುವುದಿಲ್ಲ. ಇದು ನನಗೆ ಬಹಳ ಬೇಸರದ ಸಂಗತಿ. ಹಕ್ಕು ಕೊಟ್ಟ ಮೇಲೂ ಕೃತಿ ತನ್ನದು ಎಂದು ಹೇಳಿಕೊಳ್ಳುವ ಅಧಿಕಾರವನ್ನು ಅದೇ ಕಾಯ್ದೆಯ 57ನೇ ಸೆಕ್ಷನ್ ಕಲಾವಿದರಿಗೆ ಉಳಿಸಿಕೊಟ್ಟಿದೆ. ಮಕ್ಕಳ ಪುಸ್ತಕವಾದರೆ ಹೊರಪುಟದಲ್ಲಿ ಲೇಖಕರ ಹೆಸರಿನ ಪಕ್ಕದಲ್ಲೇ ನಿಮ್ಮ ಹೆಸರು ಬರಬೇಕು ಎಂದು ಕೇಳಿ. ಕಥೆಗಳ ಸಂಕಲನವಾದರೆ ಒಳಗಿನ ವಿವರದ ಪುಟದಲ್ಲಿ ಮುಖಪುಟಕ್ಕೆ ಒಬ್ಬರು, ಒಳಚಿತ್ರಗಳಿಗೆ ಇನ್ನೊಬ್ಬರು ಇದ್ದರೆ ಇಬ್ಬರ ಹೆಸರೂ ಬೇರೆ ಬೇರೆಯಾಗಿ ಬರಲಿ. ಇದನ್ನು ಕೇಳಬೇಕಾದದ್ದು ರಫ್ ಕೊಡುವ ಮುಂಚೆ. ಪುಟಗಳು ಪ್ರೆಸ್ಸಿಗೆ ಹೋದ ಮೇಲೆ ಕೇಳಿದರೆ ಅದು ಮುಂದಿನ ಮುದ್ರಣಕ್ಕೆ ಹೋಗುತ್ತದೆ.